ಏರ್‌ಸಾಫ್ಟ್ ಪಿಸ್ತೂಲು: ಮೊದಲು ಸೀಲ್ ನೋಡಿ, ಸ್ಲೈಡ್ ಆಮೇಲೆ

ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ಏರ್‌ಸಾಫ್ಟ್ ಪಿಸ್ತೂಲಿನ ಬಗ್ಗೆ. ಈ ಹವ್ಯಾಸಕ್ಕೆ ಹೊಸಬರಾದವರಿಗೆ ಎರಡು ಮಾತು. ಇವು ನೋಡಲು ನಿಜವಾದ ಪಿಸ್ತೂಲಿನ ಹಾಗೇ ಇರುವ ರೆಪ್ಲಿಕಾಗಳು. 6 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಗೋಲಿ ಹಾರಿಸುತ್ತವೆ. ಆ ಗೋಲಿಗೆ ಆಡುವವರು ಬಿಬಿ ಅಂತಾರೆ. 1970ರ ದಶಕದಲ್ಲಿ ಜಪಾನಿನಲ್ಲಿ ಶುರುವಾದ ಹವ್ಯಾಸ ಇದು.

ಪ್ರಶ್ನೆ: ಮೊದಲ ಪಿಸ್ತೂಲು ತಗೊಳ್ಳಬೇಕು ಅಂತಿದ್ದೇನೆ. ಸ್ಪ್ರಿಂಗ್, ಎಲೆಕ್ಟ್ರಿಕ್, ಗ್ಯಾಸ್, ಸಿಓ2 ಅಂತ ನಾಲ್ಕು ಬಗೆ ಇವೆ. ಸಿಓ2 ಚೆನ್ನಾಗಿ ಒದೆಯುತ್ತದೆ, ಅದನ್ನೇ ತಗೋ ಅಂತ ಸ್ನೇಹಿತರು ಹೇಳುತ್ತಾರೆ. ಸರೀನಾ?

ಒದೆಯುತ್ತದೆ, ನಿಜ. ಆದರೆ ಮೊದಲ ಪಿಸ್ತೂಲಿಗೆ ನಾನು ಅದನ್ನು ಹೇಳುವುದಿಲ್ಲ.

ಸ್ಪ್ರಿಂಗ್ ಪಿಸ್ತೂಲಿನಲ್ಲಿ ಪ್ರತಿ ಸಲವೂ ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗವನ್ನು, ಕೈಯಿಂದ ಎಳೆಯಬೇಕು. ಅಗ್ಗ, ಗ್ಯಾಸಿನ ತಲೆನೋವಿಲ್ಲ. ಆದರೆ ಬೇಗ ಬೇಸರ ಬರುತ್ತದೆ. ಎಲೆಕ್ಟ್ರಿಕ್ ಪಿಸ್ತೂಲು ಚಳಿಯಲ್ಲೂ ಒಂದೇ ಥರ ಕೆಲಸ ಮಾಡುತ್ತದೆ. ಆದರೆ ಹೆಚ್ಚಿನವುಗಳಲ್ಲಿ ಸ್ಲೈಡ್ ಹಿಂದೆ ಮುಂದೆ ಓಡುವುದಿಲ್ಲ, ಬಲವೂ ಕಡಿಮೆ. ಪಿಸ್ತೂಲಿನ ಹವ್ಯಾಸ ಅಂದರೆ ಹೆಚ್ಚಿನವರ ಮನಸ್ಸಿನಲ್ಲಿರುವುದು ಗ್ಯಾಸ್ ಬ್ಲೋಬ್ಯಾಕ್. ಟ್ರಿಗರ್ ಒತ್ತಿದರೆ ಅದೇ ಗ್ಯಾಸ್ ಬಿಬಿಯನ್ನೂ ತಳ್ಳುತ್ತದೆ, ಸ್ಲೈಡನ್ನೂ ಹಿಂದಕ್ಕೆ ಎಸೆಯುತ್ತದೆ.

ಇನ್ನು ಸಿಓ2. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗ್ರೀನ್ ಗ್ಯಾಸಿನ ಒತ್ತಡ ಸುಮಾರು 8 ಬಾರ್. ಗ್ರೀನ್ ಗ್ಯಾಸ್ ಅಂದರೆ ಬೇರೇನೂ ಅಲ್ಲ, ವಾಸನೆ ತೆಗೆದ ಪ್ರೊಪೇನ್‌ಗೆ ಸ್ವಲ್ಪ ಸಿಲಿಕೋನ್ ಎಣ್ಣೆ ಸೇರಿಸಿದ್ದು. ಅದೇ ಉಷ್ಣತೆಯಲ್ಲಿ 12 ಗ್ರಾಂ ಸಿಓ2 ಕ್ಯಾಪ್ಸೂಲ್ ಒಳಗೆ ಸುಮಾರು 57 ಬಾರ್ ಇರುತ್ತದೆ. ಬಿಬಿ ಮತ್ತು ಗ್ಯಾಸ್ ತುಂಬುವ ಡಬ್ಬಿಗೆ ಮ್ಯಾಗಜೀನ್ ಅಂತಾರೆ. ಅದರ ವಾಲ್ವ್ ಅಷ್ಟನ್ನೂ ಬಿಡುವುದಿಲ್ಲ, ಅಳೆದೇ ಬಿಡುತ್ತದೆ. ಆದರೂ ಒಳಗಿನ ಭಾಗಗಳಿಗೆ ಬೀಳುವ ಪೆಟ್ಟು ಜಾಸ್ತಿ. ಸಿಓ2ಗಾಗಿಯೇ ಮಾಡಿದ ಪಿಸ್ತೂಲಾದರೆ ಅದನ್ನು ತಡೆದುಕೊಳ್ಳುತ್ತದೆ. ಗ್ರೀನ್ ಗ್ಯಾಸಿನ ಪಿಸ್ತೂಲಿಗೆ ಸಿಓ2 ಮ್ಯಾಗಜೀನ್ ಸಿಕ್ಕಿಸಿ ನೋಡೋಣ ಅನ್ನುವ ಆಸೆ ಮಾತ್ರ ಬೇಡ.

ನನ್ನ ಓಟು ಗ್ರೀನ್ ಗ್ಯಾಸಿನ ಬ್ಲೋಬ್ಯಾಕ್‌ಗೆ. ಅದರಲ್ಲೂ ಬಿಡಿಭಾಗ ಸುಲಭವಾಗಿ ಸಿಗುವ ಮಾದರಿಗೆ, ಅಂದರೆ ಹೈ-ಕಾಪಾ ಅಥವಾ ಗ್ಲಾಕ್ 17. ತಮಾಷೆ ಏನು ಅಂದರೆ ಹೈ-ಕಾಪಾ ಯಾವುದೋ ಒಂದು ನಿಜವಾದ ಪಿಸ್ತೂಲಿನ ತದ್ರೂಪು ಅಲ್ಲ. ಜಪಾನಿನ ಟೋಕಿಯೊ ಮರುಯಿ ಕಂಪನಿ ತಾನೇ ರೂಪಿಸಿದ ವಿನ್ಯಾಸ ಅದು. ಆದರೂ ಅದಕ್ಕೆ ಸಿಗುವಷ್ಟು ಬಿಡಿಭಾಗ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಅಚ್ಚು ಅಸಲಿನ ಹಾಗೇ ಇರಬೇಕು, ಮುದ್ರೆ ಸಮೇತ ಬೇಕು ಅನ್ನುವವರು ಪರವಾನಗಿ ಪಡೆದು ಮಾಡಿದ್ದನ್ನು ನೋಡಬಹುದು. ಉಮರೆಕ್ಸ್ ಕಂಪನಿಯ ಗ್ಲಾಕ್‌ಗಳು ಅಂಥವು. ಅವುಗಳಲ್ಲಿ ಹಲವನ್ನು ತಯಾರಿಸುವುದು ತೈವಾನಿನ ವಿಎಫ್‌ಸಿ.

ಮೊದಲ ದಿನವೇ ಇನ್ನೊಂದು ಎಕ್ಸ್‌ಟ್ರಾ ಮ್ಯಾಗಜೀನ್ ತಗೊಳ್ಳಿ. ಕಣ್ಣಿನ ರಕ್ಷಣೆಗೆ ಸರಿಯಾದ ಗಾಗಲ್ಸ್ ಕೂಡ. ಕೊಳ್ಳುವಾಗ ಅದರ ಮೇಲೆ ಆನ್ಸಿ ಝೆಡ್87.1 ಅಥವಾ ಇಎನ್166 ಅನ್ನುವ ಸುರಕ್ಷತಾ ಗುರುತು ಇದೆಯೇ ನೋಡಿ. ಇಷ್ಟು ಸಣ್ಣ ಗೋಲಿಗೂ ಕಣ್ಣು ಕಳೆಯುವ ಶಕ್ತಿ ಇದೆ. ಮನೆಯಲ್ಲಿ ರಟ್ಟಿನ ಟಾರ್ಗೆಟ್‌ಗೆ ಹೊಡೆಯುವಾಗಲೂ ಗಾಗಲ್ಸ್ ಬೇಕು. ಬಿಬಿ ಪುಟಿದು ಬರುತ್ತದಲ್ವಾ?

ಪ್ರಶ್ನೆ: ಮೊದಲ ಹತ್ತು ಹೊಡೆತ ಚೆನ್ನಾಗಿರುತ್ತವೆ. ಆಮೇಲೆ ಪಿಸ್ತೂಲು ಸುಸ್ತಾಗುತ್ತದೆ. ಕೊನೆಯಲ್ಲಿ ಸ್ಲೈಡ್ ಹಿಂದೆ ನಿಲ್ಲುವುದೇ ಇಲ್ಲ. ಚಳಿಗಾಲದಲ್ಲಂತೂ ಕೇಳಬೇಡಿ. ಪಿಸ್ತೂಲು ಕೆಟ್ಟಿದೆಯಾ?

ಕೆಟ್ಟಿಲ್ಲ. ನಿಮ್ಮ ಮ್ಯಾಗಜೀನ್ ತಣ್ಣಗಾಗಿದೆ, ಅಷ್ಟೇ.

ಮ್ಯಾಗಜೀನಿನ ಒಳಗೆ ಗ್ಯಾಸ್ ದ್ರವವಾಗಿ ಇರುತ್ತದೆ. ಪ್ರತಿ ಹೊಡೆತಕ್ಕೂ ಅದರಲ್ಲಿ ಸ್ವಲ್ಪ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಮ್ಯಾಗಜೀನಿನ ಲೋಹದಿಂದಲೇ ಎಳೆದುಕೊಳ್ಳುತ್ತದೆ. ಹೊಡೆತ ಬೇಗ ಬೇಗ ಬಿದ್ದಷ್ಟೂ ಲೋಹ ಬೇಗ ತಣ್ಣಗಾಗುತ್ತದೆ. ತಣ್ಣಗಾದ ಹಾಗೆ ಒತ್ತಡ ಇಳಿಯುತ್ತದೆ. ಪ್ರೊಪೇನ್ 20 ಡಿಗ್ರಿಯಲ್ಲಿ ಸುಮಾರು 8.4 ಬಾರ್ ಕೊಟ್ಟರೆ, ಸೊನ್ನೆ ಡಿಗ್ರಿಯಲ್ಲಿ ಕೊಡುವುದು ಸುಮಾರು 4.7 ಮಾತ್ರ. ಜಪಾನಿನ ಪಿಸ್ತೂಲುಗಳಿಗೆ ಹೇಳಿ ಮಾಡಿಸಿದ ಎಚ್‌ಎಫ್‌ಸಿ-134ಎ ಗ್ಯಾಸ್ ಇನ್ನೂ ಮೆದು. ಅದು 20 ಡಿಗ್ರಿಯಲ್ಲಿ ಸುಮಾರು 5.7 ಬಾರ್, ಸೊನ್ನೆಯಲ್ಲಿ 3ಕ್ಕಿಂತ ಕಡಿಮೆ. ಅಷ್ಟರಲ್ಲಿ ಸ್ಲೈಡ್ ಪೂರ್ತಿ ಹಿಂದೆ ಹೋಗಿ ಲಾಕ್ ಆಗುವುದಾದರೂ ಹೇಗೆ?

ಮಾಡಬೇಕಾದ್ದು ಸರಳ. ಎರಡು ಮೂರು ಮ್ಯಾಗಜೀನ್ ಇಟ್ಟುಕೊಂಡು ಬದಲಾಯಿಸುತ್ತಾ ಬಳಸಿ. ಕಾಯುವ ಮ್ಯಾಗಜೀನ್ ಜಾಕೆಟ್ಟಿನ ಒಳಜೇಬಿನಲ್ಲಿರಲಿ. ಹೊಡೆತದ ನಡುವೆ ಸ್ವಲ್ಪ ಬಿಡುವು ಕೊಡಿ. ಹೀಟರ್ ಹತ್ತಿರ, ಬಿಸಿನೀರಲ್ಲಿ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ. 40 ಡಿಗ್ರಿಗೆ ಪ್ರೊಪೇನ್ ಒತ್ತಡ 13 ಬಾರ್ ದಾಟುತ್ತದೆ.

ಗ್ಯಾಸ್ ತುಂಬುವುದನ್ನೂ ಒಮ್ಮೆ ನೋಡಿಕೊಳ್ಳಿ. ಕ್ಯಾನನ್ನು ತಲೆಕೆಳಗೆ ಹಿಡಿಯಬೇಕು, ಆಗಲೇ ದ್ರವ ಇಳಿಯುವುದು. ಹಾಗಂತ ಗಂಟಲವರೆಗೆ ತುಂಬಬೇಡಿ. ಆವಿಗೆ ಜಾಗ ಇಲ್ಲದಿದ್ದರೆ ಮೊದಲ ಹೊಡೆತಗಳಲ್ಲಿ ದ್ರವವೇ ಉಗುಳಿಕೊಂಡು ಬರುತ್ತದೆ. ಪಿಸ್ತೂಲಿನ ಬಾಯಿಂದ ಬಿಳಿ ಹೊಗೆ ಬರುತ್ತಿದ್ದರೆ ಅದೇ ಕಾರಣ.

ಪ್ರಶ್ನೆ: ನನ್ನ ಪಿಸ್ತೂಲಿನ ಡಬ್ಬಿಯ ಮೇಲೆ 330 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಅಡಿ) ಅಂತ ಇದೆ. ಗೆಳೆಯನದು ಅಳೆದಾಗ 290 ಬಂತು. ಆದರೂ ಅವನದೇ ದೂರ ಹೋಗುತ್ತದೆ, ಗಟ್ಟಿಯಾಗಿ ಬಡಿಯುತ್ತದೆ. ಡಬ್ಬಿ ಸುಳ್ಳು ಹೇಳುತ್ತಿದೆಯಾ?

ನಿಮ್ಮ ಗೆಳೆಯ ಎಷ್ಟು ತೂಕದ ಬಿಬಿ ಹಾಕಿದ್ದ? ಅದನ್ನು ನೀವು ಬರೆದಿಲ್ಲ. ಉತ್ತರ ಇರುವುದೇ ಅಲ್ಲಿ.

ಡಬ್ಬಿಯ ಮೇಲಿನ ವೇಗ ಹೆಚ್ಚಾಗಿ 0.20 ಗ್ರಾಂ ಬಿಬಿಯದು. ಆ ಲೆಕ್ಕದಲ್ಲಿ ನಿಮ್ಮದು ಸುಮಾರು 1 ಜೂಲ್ ಆಯಿತು. ಗೆಳೆಯ 0.28 ಗ್ರಾಂ ಹಾಕಿ 290 ಅಳೆದಿದ್ದರೆ ಅವನದು 1.09 ಜೂಲ್. ವೇಗ ಕಡಿಮೆ, ಶಕ್ತಿ ಜಾಸ್ತಿ. ಲೆಕ್ಕ ನೀವೇ ಮಾಡಬಹುದು. ಎಫ್‌ಪಿಎಸ್ ಅನ್ನು 0.3048ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಸಿಗುತ್ತದೆ. ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಬಿಬಿಯ ತೂಕದಿಂದ ಗುಣಿಸಿ, 2000ದಿಂದ ಭಾಗಿಸಿ. ಬಂದದ್ದು ಜೂಲ್.

ಗ್ಯಾಸ್ ಪಿಸ್ತೂಲಿಗೆ ಇನ್ನೊಂದು ಗುಣ ಇದೆ. ಭಾರದ ಬಿಬಿ ಬ್ಯಾರಲ್ ಒಳಗೆ ನಿಧಾನವಾಗಿ ಸಾಗುತ್ತದೆ. ಹಿಂದಿನಿಂದ ಗ್ಯಾಸ್ ತಳ್ಳುವ ಹೊತ್ತು ಹೆಚ್ಚುತ್ತದೆ. ಹಾಗಾಗಿ ಬಿಬಿ ಭಾರವಾದ ಹಾಗೆ ಶಕ್ತಿಯೂ ಸ್ವಲ್ಪ ಏರುತ್ತದೆ. ಆಡುವವರು ಇದಕ್ಕೆ ಜೂಲ್ ಕ್ರೀಪ್ ಅಂತಾರೆ. ಮೈದಾನದಲ್ಲಿ 0.20 ಗ್ರಾಂನಲ್ಲಿ ಅಳೆಸಿ, ಆಟಕ್ಕೆ 0.30 ಹಾಕಿಕೊಳ್ಳುವವರು ಮಿತಿ ಮೀರುವುದು ಹೀಗೇ. ಕಾನೂನೇ ಜೂಲ್ ಲೆಕ್ಕದಲ್ಲಿರುವ ದೇಶಗಳಿವೆ. ಜಪಾನಿನಲ್ಲಿ ಮಿತಿ 0.98 ಜೂಲ್. ಬ್ರಿಟನ್ನಿನಲ್ಲಿ ಒಂದೊಂದೇ ಹೊಡೆತದ್ದಕ್ಕೆ 2.5, ಆಟೋಮ್ಯಾಟಿಕ್‌ಗೆ 1.3.

ಎರಡು ಪಿಸ್ತೂಲು ಹೋಲಿಸುವುದಾದರೆ ಒಂದೇ ದಿನ, ಒಂದೇ ಉಷ್ಣತೆ, ಒಂದೇ ಗ್ಯಾಸ್, ಒಂದೇ ಬಿಬಿ ಇರಲಿ. ಅತಿ ಹೆಚ್ಚಿನ ವೇಗಕ್ಕಿಂತ ಹೊಡೆತದಿಂದ ಹೊಡೆತಕ್ಕೆ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ನೋಡಿ. ನನಗಂತೂ 280 ಕೊಟ್ಟು 280ರ ಆಸುಪಾಸಿನಲ್ಲೇ ಉಳಿಯುವ ಪಿಸ್ತೂಲು ಇಷ್ಟ. ಒಮ್ಮೆ 330, ಒಮ್ಮೆ 290 ಕೊಡುವುದು ಬೇಡ.

ಪ್ರಶ್ನೆ: ನನ್ನ ಹತ್ತಿರ ಪ್ಲಾಸ್ಟಿಕ್ ಸ್ಲೈಡಿನ ಹೈ-ಕಾಪಾ ಇದೆ. ಮೆಟಲ್ ಸ್ಲೈಡ್, 6.01 ಮಿ.ಮೀ. ಬ್ಯಾರಲ್, ಸ್ಲೈಡನ್ನು ಮುಂದಕ್ಕೆ ತಳ್ಳುವ 150 ಪರ್ಸೆಂಟ್ ಗಟ್ಟಿ ಸ್ಪ್ರಿಂಗ್, ಎಲ್ಲ ಒಟ್ಟಿಗೆ ತರಿಸಬೇಕು ಅಂತಿದ್ದೇನೆ. ಗುರಿ ಚೆನ್ನಾಗಿ ಕೂರುತ್ತದಾ?

ಒಟ್ಟಿಗೆ ತರಿಸಬೇಡಿ. ಮೂರನ್ನೂ ಒಂದೇ ದಿನ ಹಾಕಿ ಪಿಸ್ತೂಲು ಹಟ ಹಿಡಿದರೆ ತಪ್ಪು ಯಾವುದರದ್ದು ಅಂತ ಗೊತ್ತಾಗುವುದಿಲ್ಲ. ಮತ್ತೆ, ಈ ಮೂರರಲ್ಲಿ ಗುರಿಗೆ ಸಂಬಂಧಪಟ್ಟದ್ದು ಒಂದೇ. ಅದೂ ಮೊದಲ ಸಾಲಿನದಲ್ಲ.

ಗುರಿ ಶುರುವಾಗುವುದು ಬಿಬಿಯಿಂದ. ಅಂಚಿನಲ್ಲಿ ಗೆರೆ ಉಳಿದಿರುವ, ಒಳಗೆ ಗಾಳಿಗುಳ್ಳೆ ಇರುವ ಬಿಬಿ ಹಾಕಿದರೆ ಎಂಥ ಬ್ಯಾರಲ್ಲೂ ಸೋಲುತ್ತದೆ. ಪಿಸ್ತೂಲಿಗೆ 0.25ರಿಂದ 0.28 ಗ್ರಾಂ ಸರಿಹೊಂದುತ್ತದೆ. ಆಮೇಲೆ ಬ್ಯಾರಲ್ಲನ್ನು ಒಣ ಬಟ್ಟೆಯಿಂದ ಒರೆಸಿ. ಫ್ಯಾಕ್ಟರಿಯ ಗ್ರೀಸು, ಗ್ಯಾಸಿನ ಜೊತೆ ಬರುವ ಸಿಲಿಕೋನ್ ಎಣ್ಣೆ ಎರಡೂ ಅಲ್ಲಿ ಕೂತಿರುತ್ತವೆ. ಎಷ್ಟೋ ಸಲ ಇಷ್ಟಕ್ಕೇ ಗುರಿ ಸರಿಹೋಗುತ್ತದೆ.

ಮುಂದಿನದು ಹಾಪ್-ಅಪ್ ರಬ್ಬರ್. ಬ್ಯಾರಲ್ಲಿನ ಹಿಂಬದಿಯಲ್ಲಿ ಕೂತಿರುವ ಈ ಪುಟ್ಟ ರಬ್ಬರ್ ಬಿಬಿಯ ನೆತ್ತಿಯನ್ನು ಉಜ್ಜಿ ಅದಕ್ಕೆ ಹಿಮ್ಮುಖ ತಿರುಗು ಕೊಡುತ್ತದೆ. ಹಾಗೆ ತಿರುಗುವ ಬಿಬಿಯನ್ನು ಗಾಳಿಯೇ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ದೂರ ಸಿಗುವುದು ಅದರಿಂದ. ರಬ್ಬರಿಗೆ ಎಣ್ಣೆ ತಾಗಿದರೆ ಹಿಡಿತ ಹೋಗುತ್ತದೆ, ಒಂದು ಬಿಬಿ ಆಕಾಶಕ್ಕೆ, ಇನ್ನೊಂದು ನೆಲಕ್ಕೆ. ಇದೇ ರಬ್ಬರ್ ಮುಂದಿನ ಸೀಲ್ ಕೂಡ, ಅಂದರೆ ಗ್ಯಾಸ್ ಸೋರದಂತೆ ತಡೆಯುವ ಭಾಗ. ಬಿಬಿಯ ಹಿಂದೆ ಗ್ಯಾಸ್ ಬಿಡುವ ಕೊಳವೆ, ಅಂದರೆ ನಾಝಲ್, ಅದಕ್ಕೆ ಸರಿಯಾಗಿ ಒತ್ತಿ ಕೂರದಿದ್ದರೆ ಗ್ಯಾಸ್ ಪಕ್ಕದಿಂದ ಸೋರುತ್ತದೆ. ನಾಝಲ್ ಒಳಗಿನ ಪಿಸ್ಟನ್ ಕಪ್ ಇನ್ನೊಂದು ಸೀಲ್. ಮ್ಯಾಗಜೀನಿನ ಮೇಲಿರುವ ಗ್ಯಾಸ್ ರೂಟ್ ರಬ್ಬರ್ ಮೂರನೆಯದು. ಈ ಮೂರು ಗಟ್ಟಿ ಇದ್ದರೆ ಪಿಸ್ತೂಲು ಗಟ್ಟಿ. ಮೂರೂ ಅಗ್ಗದ ಭಾಗಗಳು, ಹೊರಗೆ ಕಾಣುವುದಿಲ್ಲ. ಅದಕ್ಕೇ ಜನ ಇವನ್ನು ಬಿಟ್ಟು ಬಂಗಾರದ ಬಣ್ಣದ ಬ್ಯಾರಲ್ ಕೊಳ್ಳುತ್ತಾರೆ!

ಈಗ ಬ್ಯಾರಲ್. ಜೊತೆಗೆ ಬಂದದ್ದು ಸುಮಾರು 6.08 ಮಿ.ಮೀ. ಒಳಗಲ ಇರಬಹುದು. ಬಿಬಿಯ ಅಳತೆ ಸುಮಾರು 5.95. ಹಾಗಾಗಿ 6.01ರಲ್ಲಿ ಉಳಿಯುವ ಜಾಗ ಕೂದಲೆಳೆಯಷ್ಟು. ಸ್ವಲ್ಪ ಧೂಳು ಸೇರಿದರೂ ಸಿಕ್ಕಿಬೀಳುತ್ತದೆ. ನಾನಾದರೆ 6.03 ಹಾಕುತ್ತೇನೆ. ಅಗಲಕ್ಕಿಂತ ಒಳಗಿನ ನಯ, ನೇರ ಮತ್ತು ತುದಿಯ ಅಂಚು ಮುಖ್ಯ. ಉದ್ದ ಅಳೆದು ತರಿಸಿ. ಟೋಕಿಯೊ ಮರುಯಿ ಹೈ-ಕಾಪಾ 5.1ಕ್ಕೆ 112.5 ಮಿ.ಮೀ., ಅವರ ಗ್ಲಾಕ್ 17ಕ್ಕೆ 97 ಮಿ.ಮೀ.

ಸ್ಲೈಡಿನ ವಿಷಯ. ಜಪಾನಿನವರು ಪ್ಲಾಸ್ಟಿಕ್ ಹಾಕುವುದು ಜಿಪುಣತನದಿಂದ ಅಲ್ಲ. ಲೋಹದ ಕೈಬಂದೂಕಿನ ರೆಪ್ಲಿಕಾಗಳ ಮೇಲೆ ಅಲ್ಲಿ 1971ರಿಂದ ಕಟ್ಟುನಿಟ್ಟು ಇದೆ. ಆ ಪ್ಲಾಸ್ಟಿಕ್ ಸ್ಲೈಡ್ ಮೆದು ಗ್ಯಾಸಿಗೆ ಲೆಕ್ಕ ಹಾಕಿ ಮಾಡಿದ್ದು. ದಿನಾ ಗ್ರೀನ್ ಗ್ಯಾಸ್ ಹಾಕುವವರಿಗೆ ಅದು ಬಿರುಕು ಬಿಡಬಹುದು. ಅಂಥವರಿಗೆ ಅಲ್ಯೂಮಿನಿಯಂ ಸ್ಲೈಡ್ ಬೇಕೇ ಬೇಕು. ಮೆದು ಗ್ಯಾಸ್ ಬಳಸುವವರಿಗೆ ಬೇಕಿಲ್ಲ. ಪ್ಲಾಸ್ಟಿಕ್ ಸ್ಲೈಡ್ ಹಗುರ, ಚುರುಕಾಗಿ ಓಡುತ್ತದೆ, ಗ್ಯಾಸನ್ನೂ ಕಡಿಮೆ ಕುಡಿಯುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಪಿಎಸ್‌ಸಿಯ ಆ್ಯಕ್ಷನ್ ಏರ್ ಪಂದ್ಯಗಳಲ್ಲಿ ಓಡಾಡಿ ಹೊಡೆಯುವವರ ಸ್ಲೈಡ್ ನೋಡಿ, ತೂಕ ಇಳಿಸಲು ಎಲ್ಲೆಲ್ಲೂ ಕಿಟಕಿ ಕೊರೆದಿರುತ್ತಾರೆ. ಕೈಗೆ ಒದೆತ ಬೇಕು ಅನ್ನುವವರಿಗೆ ಭಾರದ ಸ್ಲೈಡ್ ಚೆಂದ. ಎರಡೂ ಒಟ್ಟಿಗೆ ಸಿಗುವುದಿಲ್ಲ.

150 ಪರ್ಸೆಂಟ್ ಸ್ಪ್ರಿಂಗ್ ಬಿಟ್ಟುಬಿಡಿ. ಸ್ಲೈಡ್ ಮುಂದೆ ಬೇಗ ಬರುತ್ತದೆ, ನಿಜ. ಆದರೆ ಹಿಂದೆ ಹೋಗುವಾಗ ಗ್ಯಾಸ್ ಅದರ ವಿರುದ್ಧ ಹೋರಾಡಬೇಕು. ಸ್ವಲ್ಪ ತಂಪಾದರೂ ಸ್ಲೈಡ್ ಅರ್ಧದಾರಿಯಲ್ಲೇ ತಿರುಗಿ ಬರುತ್ತದೆ, ಮುಂದಿನ ಬಿಬಿಯನ್ನು ಎತ್ತಿಕೊಳ್ಳುವುದೇ ಇಲ್ಲ.

ಪ್ರಶ್ನೆ: ಬ್ಯಾರಲ್ ತುದಿಯ ಕಿತ್ತಳೆ ಬಣ್ಣ ಅಂದ ಕೆಡಿಸುತ್ತದೆ. ಕಪ್ಪು ಬಣ್ಣ ಹೊಡೆಯಬಹುದಾ?

ನಿಮ್ಮ ದೇಶದ ಕಾನೂನು ಬಣ್ಣ ಕೇಳುತ್ತದೆ ಅಂದರೆ ಮುಟ್ಟಬೇಡಿ. ಅಮೆರಿಕದಲ್ಲಿ ಆಮದು ಮತ್ತು ಮಾರಾಟಕ್ಕೆ ಕಿತ್ತಳೆ ತುದಿ ಬೇಕು. ಬ್ರಿಟನ್ನಿನಲ್ಲಿ 2006ರ ಕಾಯ್ದೆ ಬಂದ ಮೇಲೆ ಅಸಲಿನಂತಿರುವುದನ್ನು ಕೊಳ್ಳಲು ಸರಿಯಾದ ಕಾರಣ ತೋರಿಸಬೇಕು. ಅಂದ ಬೇಕಿದ್ದರೆ ಗ್ರಿಪ್ ಬದಲಾಯಿಸಿ, ಟ್ರಿಗರ್ ಬದಲಾಯಿಸಿ, ಸ್ಲೈಡಿಗೆ ಬಣ್ಣ ಹಚ್ಚಿ. ಬಣ್ಣ ಇರಲಿ ಬಿಡಲಿ, ಹೊರಗೆ ಒಯ್ಯುವಾಗ ಮುಚ್ಚಿದ ಬ್ಯಾಗಿನಲ್ಲೇ ಇರಲಿ. ದೂರದಿಂದ ನೋಡುವ ಪೊಲೀಸರಿಗೆ ಅದು ಪಿಸ್ತೂಲೇ. ಮ್ಯಾಗಜೀನ್ ತೆಗೆದರೆ ಖಾಲಿಯಾಯಿತು ಅಂತಲೂ ನಂಬಬೇಡಿ. ಒಂದು ಬಿಬಿ ಹಾಪ್-ಅಪ್ ಒಳಗೆ ಕೂತಿರಬಹುದು. ಸ್ಲೈಡ್ ಎಳೆದು ಇಣುಕಿ ನೋಡಿ.

ಪ್ರಶ್ನೆ: ಮೂರು ತಿಂಗಳು ಸುಮ್ನೆ ಇಟ್ಟಿದ್ದ ಮ್ಯಾಗಜೀನ್ ಈಗ ಸುಯ್ ಅಂತ ಸೋರುತ್ತಿದೆ. ಎಸೆಯಬೇಕಾ?

ಬೇಡ. ಮೊದಲು ಗ್ಯಾಸ್ ತುಂಬುವ ಫಿಲ್ ವಾಲ್ವ್‌ಗೆ ಎರಡು ಹನಿ ಶುದ್ಧ ಸಿಲಿಕೋನ್ ಎಣ್ಣೆ ಹಾಕಿ, ಅದರ ಮೇಲೆ ಗ್ಯಾಸ್ ತುಂಬಿ. ಒಣಗಿದ ಸೀಲ್ ಕೆಲವೊಮ್ಮೆ ಅಷ್ಟಕ್ಕೇ ಮತ್ತೆ ಕೂರುತ್ತದೆ. ಪೆಟ್ರೋಲಿಯಂ ಎಣ್ಣೆ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಆಗಲೂ ಸೋರಿದರೆ ಮ್ಯಾಗಜೀನನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಬರುತ್ತದೆ ನೋಡಿ. ಅಡಿಯ ಫಿಲ್ ವಾಲ್ವ್, ಹಿಂಬದಿಯ ರಿಲೀಸ್ ವಾಲ್ವ್, ತಳದ ಮುಚ್ಚಳದ ಗ್ಯಾಸ್ಕೆಟ್, ಇವೇ ಮೂರು ಜಾಗ. ಗ್ಯಾಸನ್ನು ಪೂರ್ತಿ ಬಿಟ್ಟು, ಒಣಗಿಸಿ, ಸೋರುವ ಜಾಗದ ಒ-ರಿಂಗ್ (ರಬ್ಬರ್ ಉಂಗುರ) ಬದಲಾಯಿಸಿ. ಒಳಗೆ ಗ್ಯಾಸ್ ಇರುವಾಗ ವಾಲ್ವ್ ಬಿಚ್ಚಲು ಹೋಗಬೇಡಿ, ಅದು ಹಾರಿ ಮುಖಕ್ಕೆ ಬರುತ್ತದೆ. ಮುಂದೆ ಎತ್ತಿಡುವಾಗ ಒಳಗೆ ಸ್ವಲ್ಪ ಗ್ಯಾಸ್ ಬಿಟ್ಟೇ ಇಡಿ, ಸೀಲ್ ಒತ್ತಿಕೊಂಡಿರುತ್ತದೆ. ಸಿಓ2 ಮ್ಯಾಗಜೀನಿಗೆ ಇದು ತಿರುಗಾಮುರುಗಾ. ಆಟ ಮುಗಿದ ದಿನವೇ ಕ್ಯಾಪ್ಸೂಲ್ ಹೊರಗೆ ತೆಗೆಯಿರಿ.