ನೇಮಕಾತಿ ಪತ್ರದಲ್ಲಿ ‘ಧರ್ಮಪ್ರಾಂತ್ಯ’ ಎಂದಿದ್ದರೆ ಉದ್ಯೋಗದಾತರು ಯಾರು?

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಕ್ಯಾಥೊಲಿಕ್ ಅನುದಾನರಹಿತ ಪ್ರೌಢಶಾಲೆಯೊಂದರ ಶಿಕ್ಷಕಿ. 2009ರ ನನ್ನ ನೇಮಕಾತಿ ಪತ್ರದಲ್ಲಿ ‘ಧರ್ಮಪ್ರಾಂತ್ಯದ ಯಾವುದೇ ಶಾಲೆಗೆ ವರ್ಗಾಯಿಸಬಹುದು’, ‘ಧರ್ಮಪ್ರಾಂತ್ಯದ ನೀತಿಗಳಿಗೆ ಬದ್ಧರಾಗಿರತಕ್ಕದ್ದು’ ಎಂದಿದೆ. ಆಗ ನಮ್ಮ ಊರು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಈಗ ನನ್ನನ್ನು ಮಂಗಳೂರಿಗೆ ವರ್ಗಾಯಿಸಬಹುದೇ? ನನ್ನ ಉದ್ಯೋಗದಾತರು ಬಿಷಪರೋ, ಶಾಲೆಯೋ?

ಉತ್ತರ: ನಿಮ್ಮ ಪತ್ರದ ಎರಡು ವಾಕ್ಯಗಳಲ್ಲಿ ಧರ್ಮಪ್ರಾಂತ್ಯ ಎಂಬ ಪದಕ್ಕೆ ಒಂದೇ ಅರ್ಥವಿಲ್ಲ. ವರ್ಗಾವಣೆಯ ಷರತ್ತಿನಲ್ಲಿ ಅದು ಒಂದು ಸೀಮೆಯನ್ನು, ನೀತಿಯ ಷರತ್ತಿನಲ್ಲಿ ಒಂದು ಅಧಿಕಾರವನ್ನು ಸೂಚಿಸುತ್ತದೆ. ಚರ್ಚಿನ ಆಂತರಿಕ ಕಾನೂನಾದ 1983ರ ಕ್ಯಾನನ್ ಸಂಹಿತೆಯ ಪ್ರಕಾರ ಧರ್ಮಪ್ರಾಂತ್ಯವು ಧರ್ಮಾಧ್ಯಕ್ಷರ, ಅಂದರೆ ಬಿಷಪರ, ಪಾಲನೆಗೆ ಒಪ್ಪಿಸಲಾದ ವಿಶ್ವಾಸಿಗಳ ಸಮುದಾಯ. ಅದಕ್ಕೆ ಕಾನೂನಾತ್ಮಕ ವ್ಯಕ್ತಿತ್ವವಿದ್ದು, ವ್ಯವಹಾರಗಳಲ್ಲಿ ಧರ್ಮಾಧ್ಯಕ್ಷರೇ ಅದನ್ನು ಪ್ರತಿನಿಧಿಸುತ್ತಾರೆ. ಇಷ್ಟರಿಂದಲೇ ಅವರು ನಿಮ್ಮ ಉದ್ಯೋಗದಾತರಾಗುವುದಿಲ್ಲ. ಪತ್ರದ ಕೊನೆಯಲ್ಲಿ ಶಾಲೆಯ ಆಡಳಿತ ನೋಡಿಕೊಳ್ಳುವ ಸಂಚಾಲಕರು ಯಾರ ಪರವಾಗಿ ಸಹಿ ಮಾಡಿದ್ದಾರೆ, ಮೊಹರಿನಲ್ಲಿ ಯಾವ ನೋಂದಾಯಿತ ಸಂಸ್ಥೆಯ ಹೆಸರಿದೆ, ಭವಿಷ್ಯನಿಧಿಗೆ ಹಣ ಕಟ್ಟುತ್ತಿರುವವರು ಯಾರು ಎಂಬುದನ್ನು ಮೊದಲು ನೋಡಿ. ಆ ಸೊಸೈಟಿ ಅಥವಾ ಟ್ರಸ್ಟೇ ಸಾಮಾನ್ಯವಾಗಿ ನಿಮ್ಮ ಉದ್ಯೋಗದಾತ. ಮಂಗಳೂರಿನ ಸೇಂಟ್ ಅಲೋಶಿಯಸ್‌ನಂತಹ ಸಂಸ್ಥೆ ಧರ್ಮಪ್ರಾಂತ್ಯದ ಸೀಮೆಯೊಳಗೇ ಇದ್ದರೂ 1880ರಿಂದ ಅದನ್ನು ನಡೆಸುತ್ತಿರುವವರು ಜೆಸ್ವಿಟರು, ಅಂದರೆ ಧರ್ಮಪ್ರಾಂತ್ಯಕ್ಕಿಂತ ಬೇರೆಯಾದ ಒಂದು ಕ್ಯಾಥೊಲಿಕ್ ಸನ್ಯಾಸಿ ಸಂಘದವರು. ಅಂತಹ ಶಾಲೆಗಳ ಮೇಲೂ ಧರ್ಮಾಧ್ಯಕ್ಷರಿಗೆ ಮೇಲ್ವಿಚಾರಣೆಯ ಹಕ್ಕಿದೆಯಾದರೂ ಅದು ವೇತನ ಕೊಡುವ ಹೊಣೆಯಲ್ಲ.

2012ರಲ್ಲಿ ಉಡುಪಿ ಭಾಗವು ಮಂಗಳೂರಿನಿಂದ ಬೇರ್ಪಟ್ಟು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ನಿಮ್ಮ ಶಾಲೆಯ ಆಡಳಿತವು ಅನಂತರ ಉಡುಪಿಯ ಬೇರೊಂದು ನೋಂದಾಯಿತ ಸಂಸ್ಥೆಗೆ ಹೋಗಿದ್ದರೆ, ಹಳೆಯ ಷರತ್ತನ್ನು ಹಿಡಿದು ನಿಮ್ಮನ್ನು ಮಂಗಳೂರಿನ ಸಂಸ್ಥೆಗೆ ಕಳುಹಿಸುವುದು ವರ್ಗಾವಣೆಯಲ್ಲ, ಉದ್ಯೋಗದಾತರನ್ನೇ ಬದಲಿಸಿದಂತೆ. ನೌಕರರ ಒಪ್ಪಿಗೆಯಿಲ್ಲದೆ ಹಾಗೆ ಮಾಡಲಾಗದೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರ ಪ್ರಕರಣದಲ್ಲಿ ಹೇಳಿದೆ. ಅವರು ದುಡಿಯುತ್ತಿದ್ದ ಇಂಫಾಲದ ಕೇಂದ್ರವು ಮಣಿಪುರ ವಿಶ್ವವಿದ್ಯಾಲಯಕ್ಕೆ ಸೇರಿದ್ದರೂ ಅವರು ಮೊದಲಿನ ವಿಶ್ವವಿದ್ಯಾಲಯದ ನೌಕರರಾಗಿಯೇ ಉಳಿದರು. ಆದರೆ 2012ರ ನಂತರ ನೀವು ಹೊಸ ಸಂಸ್ಥೆಯಿಂದಲೇ ವೇತನ ಪಡೆಯುತ್ತ ಬಂದಿದ್ದರೆ, ಆ ಬದಲಾವಣೆಗೆ ಮೌನವಾಗಿ ಒಪ್ಪಿದ್ದೀರೆಂದು ಆಡಳಿತ ಮಂಡಳಿ ವಾದಿಸಬಹುದು. ಇನ್ನು, ಎರಡೂ ಶಾಲೆಗಳು ಇಂದಿಗೂ ಒಂದೇ ಸಂಸ್ಥೆಯ ಅಧೀನದಲ್ಲಿದ್ದರೆ ನಿಮ್ಮ ವಾದ ದುರ್ಬಲವಾಗುತ್ತದೆ.

ನೀತಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಕೈಗೆ ಕೊಡದ, ಓದಲು ಅವಕಾಶವನ್ನೇ ನೀಡದ ನೀತಿಗೆ ಶಿಕ್ಷಕರನ್ನು ಕಟ್ಟಿಹಾಕುವುದು ಅನ್ಯಾಯ. ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ನಡೆಸುವ ಹಕ್ಕನ್ನು ಕೊಟ್ಟಿದೆ, ಅದನ್ನು ಗೌರವಿಸಲೇಬೇಕು. ಆದರೆ ಸಿಬ್ಬಂದಿಯ ಹಿತರಕ್ಷಣೆಗಾಗಿ ನ್ಯಾಯಸಮ್ಮತ ನಿಯಮಗಳನ್ನು ರೂಪಿಸಬಹುದೆಂದು ಸುಪ್ರೀಂ ಕೋರ್ಟಿನ 2002ರ ಟಿ.ಎಂ.ಎ. ಪೈ ತೀರ್ಪು ಸ್ಪಷ್ಟಪಡಿಸಿದೆ.

ಆದ್ದರಿಂದ ಸಂಚಾಲಕರಿಗೆ ಪತ್ರ ಬರೆದು, ನಿಮ್ಮ ಈಗಿನ ಉದ್ಯೋಗದಾತ ಸಂಸ್ಥೆಯ ಹೆಸರು, 2012ರ ಬಳಿಕ ಸಿಬ್ಬಂದಿಯ ಸೇವೆಯ ಕುರಿತು ಕೈಗೊಂಡ ನಿರ್ಣಯದ ಪ್ರತಿ ಮತ್ತು ಈಗ ಜಾರಿಯಲ್ಲಿರುವ ನೀತಿಗಳ ಪ್ರತಿಯನ್ನು ಕೇಳಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಆ ದಾಖಲೆಗಳು ಕೈಸೇರಿದ ಮೇಲೆಯೇ ವಕೀಲರನ್ನು ಕಾಣುವುದು ಒಳ್ಳೆಯದು.