ಬಿಕಾಸ್ ತಪ್ಪಲ್ಲ, ಚುಕ್ಕಿ ತಪ್ಪು

ಪ್ರಶ್ನೆ: ‘ಐ ಕುಡ್ ನಾಟ್ ಫಿನಿಷ್ ದ ರಿಪೋರ್ಟ್. ಬಿಕಾಸ್ ದ ಸರ್ವರ್ ವಾಸ್ ಡೌನ್.’ ಆಫೀಸಿನ ಮೇಲ್‌ನಲ್ಲಿ ಹೀಗೆ ಬರೆದಿದ್ದೆ. ಎರಡನೆಯದು ವಾಕ್ಯವೇ ಅಲ್ಲ ಎಂದು ಮ್ಯಾನೇಜರ್ ಗೆರೆ ಎಳೆದು ವಾಪಸ್ ಕಳಿಸಿದರು. ಸಬ್ಜೆಕ್ಟ್ ಇದೆ, ವರ್ಬ್ ಇದೆ. ಇನ್ನೇನು ಬೇಕು? ಬಿಕಾಸ್‌ನಿಂದ ವಾಕ್ಯ ಶುರು ಮಾಡಬಾರದಾ?

ಉತ್ತರ: ಧಾರಾಳವಾಗಿ ಶುರು ಮಾಡಿ. ‘ಬಿಕಾಸ್ ದ ಸರ್ವರ್ ವಾಸ್ ಡೌನ್, ಐ ಕುಡ್ ನಾಟ್ ಫಿನಿಷ್ ದ ರಿಪೋರ್ಟ್’ ಎಂದು ಬರೆದಿದ್ದರೆ ಯಾರೂ ಗೆರೆ ಎಳೆಯುವಂತಿರಲಿಲ್ಲ. ಆದರೂ ನಿಮ್ಮ ಮ್ಯಾನೇಜರ್ ಹೇಳಿದ್ದು ಸರಿ. ತಪ್ಪಿರುವುದು ರಿಪೋರ್ಟ್ ಆದ ಮೇಲೆ ಇಟ್ಟ ಫುಲ್‌ಸ್ಟಾಪ್‌ನಲ್ಲಿ.

ಕನ್ನಡದಲ್ಲಿ ‘ಮುಗಿಸಲು ಆಗಲಿಲ್ಲ. ಯಾಕೆಂದರೆ ಸರ್ವರ್ ಕೆಟ್ಟಿತ್ತು’ ಎಂದು ಬರೆದರೆ ಯಾರಿಗೂ ಏನೂ ಅನಿಸುವುದಿಲ್ಲ. ಬಿಕಾಸ್ ಕೂಡ ಇದೇ ‘ಯಾಕೆಂದರೆ’ ಅಂದುಕೊಳ್ಳುತ್ತೇವೆ. ಎಡವಟ್ಟಾಗುವುದು ಅಲ್ಲೇ. ಅದು ಕೆಲಸ ಮಾಡುವುದು ‘ಕೆಟ್ಟಿದ್ದರಿಂದ’ ಎಂಬುದರ ಹಾಗೆ. ‘ಸರ್ವರ್ ಕೆಟ್ಟಿದ್ದರಿಂದ’ ಎಂದು ಬರೆದು ಚುಕ್ಕಿ ಇಟ್ಟು ನೋಡಿ. ಅದರಿಂದ ಏನಾಯ್ತು ಅಂತ ಕೇಳಬೇಕು ಅನಿಸುತ್ತದೆ, ಅಲ್ವಾ? ನಿಮ್ಮ ಮೇಲ್ ಓದಿದವರಿಗೂ ಹಾಗೇ ಅನಿಸಿದೆ. ಆಲ್ದೋ, ವೆನ್, ಇಫ್, ಅನ್‌ಲೆಸ್ ಎಲ್ಲವೂ ಇದೇ ಗುಂಪು.

ಅನುಮಾನ ಬಂದಾಗ ವಾಕ್ಯದ ಮುಂದೆ ‘ಈಸ್ ಇಟ್ ಟ್ರೂ ದಟ್’ ಸೇರಿಸಿ ಓದಿ. ‘ಈಸ್ ಇಟ್ ಟ್ರೂ ದಟ್ ದ ಸರ್ವರ್ ವಾಸ್ ಡೌನ್?’ ಸಲೀಸಾಗಿ ಹೋಯಿತು. ನಡುವೆ ಬಿಕಾಸ್ ತುರುಕಿದರೆ ತಡವರಿಸುತ್ತದೆ. ‘ಪ್ಲೀಸ್ ಸಿಟ್’ ಥರದ ಮಾತಿಗೆ ಈ ಪರೀಕ್ಷೆ ಬೇಡ. ಅಪ್ಪಣೆ, ಕೋರಿಕೆಯಲ್ಲಿ ‘ಯು’ ಒಳಗೇ ಅಡಗಿರುತ್ತದೆ.

ಬೇರೆಯವರ ಇಂಗ್ಲಿಷ್ ಕರಡು ತಿದ್ದುವುದೇ ನನ್ನ ಕೆಲಸ. ನನ್ನ ಪೆನ್ನು ಜಾಸ್ತಿ ಓಡುವುದು ಬಿಕಾಸ್ ಮೇಲೂ ಅಲ್ಲ, ‘ವಿತ್ ರೆಫರೆನ್ಸ್ ಟು ಯುವರ್ ಮೇಲ್ ಡೇಟೆಡ್ 12 ಮೇ.’ ಎಂಬ ಸಾಲಿನ ಮೇಲೆ. ಅಲ್ಲಿಗೇ ಚುಕ್ಕಿ! ಮೇಲ್‌ನ ವಿಷಯ ಏನಾಯಿತು? ಯಾರು ಏನು ಮಾಡುತ್ತಿದ್ದಾರೆ? ಸುಳಿವೇ ಇಲ್ಲ. ‘ಐ ಆಮ್ ರೈಟಿಂಗ್ ಅಬೌಟ್ ಯುವರ್ ಮೇಲ್ ಆಫ್ 12 ಮೇ’ ಎಂದರೆ ಮುಗಿಯಿತು. ಕೊನೆಯಲ್ಲಿ ಬರುವ ‘ಹೋಪಿಂಗ್ ಫಾರ್ ಆ್ಯನ್ ಅರ್ಲಿ ರಿಪ್ಲೈ’ ಕೂಡ ಅದರ ತಮ್ಮ. ಬರೀ ‘ಇಂಗ್’ ಹಚ್ಚಿದ ವರ್ಬ್ ವಾಕ್ಯ ನಡೆಸಲಾರದು. ಜೊತೆಗೆ ಆಮ್, ಈಸ್, ವಾಸ್ ಬೇಕು. ಇಲ್ಲವೇ ಸುಮ್ನೆ ‘ಐ ಹೋಪ್’ ಅನ್ನಿ.

ನಮಗೆ ಇದು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಇದೆ. ‘ಅವರು ಡಾಕ್ಟರ್’ ಎಂದರೆ ಕನ್ನಡದಲ್ಲಿ ಮಾತು ಮುಗಿಯಿತು, ಕ್ರಿಯಾಪದ ಬೇಕಿಲ್ಲ. ‘ಬಂದೆವು’ ಎಂದರೆ ಬಂದಿದ್ದು ‘ನಾವು’ ಅಂತ ಆ ಕೊನೆಯ ‘ಎವು’ ಎಂಬುದೇ ಹೇಳುತ್ತದೆ. ಇಂಗ್ಲಿಷಿನ ‘ಕೇಮ್’ ಯಾರು ಬಂದರೆಂದು ಹೇಳುವುದಿಲ್ಲ. ಹಾಗಾಗಿ ಅಲ್ಲಿ ಸಬ್ಜೆಕ್ಟ್, ವರ್ಬ್ ಎರಡನ್ನೂ ಬಾಯಿಬಿಟ್ಟು ಬರೆಯಬೇಕು.

ಒಂದು ಎಚ್ಚರಿಕೆ. ಇದನ್ನೆಲ್ಲ ಓದಿ ಚುಕ್ಕಿಗೆ ಹೆದರಿ ಎಲ್ಲ ಕಡೆ ಕಾಮಾ ಹಾಕಬೇಡಿ. ‘ದ ಸರ್ವರ್ ವಾಸ್ ಡೌನ್, ಐ ವೆಂಟ್ ಹೋಮ್’ ಕೂಡ ತಪ್ಪೇ. ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾ ಹಿಡಿದಿಡಲಾರದು. ನಡುವೆ ‘ಸೋ’ ಹಾಕಿ.

ಪ್ರಶ್ನೆ: ದೊಡ್ಡ ದೊಡ್ಡ ಕಾದಂಬರಿಕಾರರೇ ತುಂಡು ವಾಕ್ಯ ಬರೆಯುತ್ತಾರಲ್ಲ? ನಾವು ಬರೆದರೆ ಮಾತ್ರ ತಪ್ಪಾ?

ಉತ್ತರ: ಬರೆಯುತ್ತಾರೆ. 1852ರಲ್ಲಿ ಕಂತುಗಳಾಗಿ ಬರತೊಡಗಿದ ಡಿಕನ್ಸ್‌ನ ‘ಬ್ಲೀಕ್ ಹೌಸ್’ ಶುರುವಾಗುವುದೇ ‘ಲಂಡನ್.’ ಎಂಬ ಒಂದೇ ಪದದಿಂದ. ಆಮೇಲೆ ಬರುವ ಮಂಜಿನ ವರ್ಣನೆಯೂ ಮುಖ್ಯ ವರ್ಬ್ ಇಲ್ಲದೆಯೇ ಸಾಗುತ್ತದೆ. ಓದುವವರಿಗೆ ಅದು ಬೇಕೆಂದೇ ಮಾಡಿದ್ದೆಂದು ತಿಳಿಯುತ್ತದೆ. ಕತೆಯಲ್ಲಿ, ಜಾಹೀರಾತಿನಲ್ಲಿ, ಗೆಳೆಯರ ಚಾಟ್‌ನಲ್ಲಿ ನೀವೂ ಬರೆಯಿರಿ. ರಜೆಯ ಅರ್ಜಿಯಲ್ಲಿ ಬೇಡ.

ಪ್ರಶ್ನೆ: ಎರಡೇ ಪದ ಇದ್ದರೆ ವಾಕ್ಯವಾಗುತ್ತದೆಯೇ?

ಉತ್ತರ: ‘ಶೀ ಲೆಫ್ಟ್’ ಪೂರ್ತಿ ವಾಕ್ಯ. ‘ದ ಟಾಲ್ ವುಮನ್ ಇನ್ ದ ಬ್ಲೂ ಕೋಟ್ ಸ್ಟ್ಯಾಂಡಿಂಗ್ ನಿಯರ್ ದ ಡೋರ್’ ಎಂಬುದರಲ್ಲಿ ಹನ್ನೊಂದು ಪದಗಳಿದ್ದರೂ ಅದು ವಾಕ್ಯವಲ್ಲ. ಸ್ಟ್ಯಾಂಡಿಂಗ್‌ಗೆ ಮೊದಲು ಒಂದು ‘ವಾಸ್’ ಸೇರಿಸಿ, ಸರಿಹೋಗುತ್ತದೆ.