ಖಾಲಿಯಾದ ಪೇಟೆಗೆ ಮತ್ತೆ ಜನ ಬರಬೇಕಾದರೆ

ನೀವು ಕೇಳಿದ್ದು: "ಕೊರೊನಾ ಮುಗಿದು ವರ್ಷಗಳೇ ಆದರೂ ನಗರದ ನಡುಭಾಗದ ಅಂಗಡಿ ಬೀದಿಗಳು ಚೇತರಿಸಿಕೊಂಡಿಲ್ಲ. ಆಫೀಸಿನವರು ವಾಪಸ್ ಬಂದರೆ ಎಲ್ಲ ಸರಿಹೋಗುತ್ತಾ? ರಿಯಾಯಿತಿ ಕೂಪನ್, ಮೇಳ ಇವೆಲ್ಲ ಕೆಲಸಕ್ಕೆ ಬರುತ್ತವಾ? ಪಾಲಿಕೆ, ವರ್ತಕರು ಎಲ್ಲಿಂದ ಶುರು ಮಾಡಬೇಕು?"

ಆಫೀಸಿನವರು ಬರಲಿ ಎಂದು ಕಾಯುತ್ತಾ ಕೂರಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೀಗೆ ಕಾಯುತ್ತಲೇ ಅಂಗಡಿ ಮುಚ್ಚಿಕೊಂಡು ಹೋದವರನ್ನು ಕಣ್ಣಾರೆ ನೋಡಿದ್ದೇನೆ.

ಕೆಲವು ವರ್ಷ ಒಂದು ವರ್ತಕರ ಸಂಘದ ಕೆಲಸ ನೋಡಿಕೊಳ್ಳುತ್ತಿದ್ದೆ. ಲಾಕ್‌ಡೌನ್ ತೆರವಾದ ಮೇಲೆ ಸಭೆಗಳಲ್ಲಿ ಎಲ್ಲರದ್ದೂ ಒಂದೇ ಮಾತು: "ಜನ ಇಲ್ಲ." ಎಷ್ಟು ಇಲ್ಲ, ಯಾವಾಗ ಇಲ್ಲ, ಯಾರು ಇಲ್ಲ ಎಂದರೆ ಯಾರಲ್ಲೂ ಉತ್ತರವಿರಲಿಲ್ಲ. ಹಾಗಾಗಿ ಎಣಿಸಲು ಕೂತೆವು. ಒತ್ತಿದರೆ ಅಂಕಿ ಏರುವ ಪುಟ್ಟ ಕೌಂಟರ್ ಕೈಯಲ್ಲಿ ಹಿಡಿದು, ಬೀದಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಹಾದುಹೋದವರನ್ನೆಲ್ಲ ಲೆಕ್ಕ ಹಿಡಿದು ಗಂಟೆಗೊಮ್ಮೆ ಕಾಗದದ ಮೇಲೆ ಬರೆಯುವುದು. ಎರಡು ವಾರ ಮಾಡಿದೆವು. ಹೆಬ್ಬೆರಳು ನೋಯುತ್ತಿತ್ತು, ಆದರೆ ಆ ಕಾಗದ ನಮ್ಮ ಕಣ್ಣು ತೆರೆಸಿತು. ಶನಿವಾರ ಸಂಜೆಯ ಜನ ಬಹುಪಾಲು ವಾಪಸ್ ಬಂದಿದ್ದರು. ಬಾರದೇ ಇದ್ದದ್ದು ಸೋಮವಾರ ಮತ್ತು ಶುಕ್ರವಾರ ಮಧ್ಯಾಹ್ನದ ಜನ. ಪೇಟೆ ಪೂರ್ತಿ ಸತ್ತಿರಲಿಲ್ಲ, ವಾರದ ಕೆಲವು ಗಂಟೆಗಳು ಮಾತ್ರ ಸತ್ತಿದ್ದವು.

ಬೇರೆ ದೇಶಗಳ ಅಂಕಿಗಳೂ ಇದನ್ನೇ ಹೇಳುತ್ತವೆ. ಅಮೆರಿಕದ 10 ದೊಡ್ಡ ನಗರ ಪ್ರದೇಶಗಳಲ್ಲಿ ಆಫೀಸಿಗೆ ಬರುವವರು ಬಾಗಿಲಲ್ಲಿ ಕಾರ್ಡ್ ಉಜ್ಜುವುದನ್ನು ಕ್ಯಾಸಲ್ ಸಿಸ್ಟಮ್ಸ್ ಎಂಬ ಕಂಪನಿ ಲೆಕ್ಕ ಇಡುತ್ತದೆ. ಅದರ ಪ್ರಕಾರ 2023ರಲ್ಲೂ ಹಾಜರಿ ಮೊದಲಿನ ಅರ್ಧದ ಆಸುಪಾಸಿನಲ್ಲೇ ನಿಂತಿತ್ತು. ಅದರಲ್ಲೂ ವಾರದ ನಡುವೆ ಜನ, ಶುಕ್ರವಾರ ಬಣಬಣ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಅರ್ಜುನ್ ರಮಣಿ 2021ರಲ್ಲೇ ಇದಕ್ಕೆ 'ಡೋನಟ್ ಪರಿಣಾಮ' ಎಂದು ಹೆಸರಿಟ್ಟರು: ಡೋನಟ್ ಎಂಬ, ನಡುವೆ ತೂತಿರುವ ಸಿಹಿ ತಿಂಡಿಯ ಹಾಗೆ ನಗರದ ನಡುವೆ ತೂತು, ಸುತ್ತಲಿನ ಬಡಾವಣೆಗಳಲ್ಲಿ ಉಬ್ಬು. ವಾರಕ್ಕೆ ಎರಡು ಮೂರು ದಿನ ಮನೆಯಿಂದ ಕೆಲಸ ಮಾಡುವುದು ರೂಢಿಯಾದ ಕಡೆಯೆಲ್ಲ, ಮೊದಲು ಪೇಟೆಯಲ್ಲಿ ಖರ್ಚಾಗುತ್ತಿದ್ದ ಹಣ ಮನೆಯ ಹತ್ತಿರವೇ ಖರ್ಚಾಗುತ್ತದೆ. ಅದು ಪೂರ್ತಿ ಪೇಟೆಗೆ ಮರಳುವ ಲಕ್ಷಣ ನನಗಂತೂ ಕಾಣುತ್ತಿಲ್ಲ.

ಆಫೀಸ್ ಕಟ್ಟಡದ ಕೆಳಗಿನ ಜೆರಾಕ್ಸ್ ಅಂಗಡಿಯನ್ನೇ ತೆಗೆದುಕೊಳ್ಳಿ. ಭಾನುವಾರದ ಮೇಳಕ್ಕೆ ಸಾವಿರಾರು ಜನ ಬಂದರೂ ಆ ಅಂಗಡಿಗೆ ಬೋಣಿ ಆಗುವುದಿಲ್ಲ. ಅದಕ್ಕೆ ಬೇಕಾದ ಗಿರಾಕಿಯೇ ಬೇರೆ, ವೇಳೆಯೇ ಬೇರೆ. "ಪೇಟೆಗೆ ಜನ ತರಬೇಕು" ಎಂದು ಒಟ್ಟಾರೆ ಹೇಳಿದರೆ ಹಣ ಎಲ್ಲೆಲ್ಲೋ ಸುರಿದುಹೋಗುತ್ತದೆ. ಯಾವ ಜನ, ಯಾವ ಹೊತ್ತಿಗೆ ಎಂದು ಕೇಳಿಕೊಳ್ಳಬೇಕು. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಮೊಬೈಲ್ ಫೋನ್ ಸಂಚಾರದ ಮಾಹಿತಿ ಇಟ್ಟುಕೊಂಡು ಉತ್ತರ ಅಮೆರಿಕದ ನಗರ ಕೇಂದ್ರಗಳನ್ನು ಹೋಲಿಸಿದರು. 2022ರಲ್ಲಿ ಸಾಲ್ಟ್ ಲೇಕ್ ಸಿಟಿ ಎಲ್ಲರಿಗಿಂತ ಮುಂದಿತ್ತು, ಸ್ಯಾನ್ ಫ್ರಾನ್ಸಿಸ್ಕೊ ಕೊನೆಯಲ್ಲಿತ್ತು. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸವನ್ನೇ ನೆಚ್ಚಿಕೊಂಡಿದ್ದ, ಜನ ದೂರದಿಂದ ಓಡಾಡಬೇಕಿದ್ದ ಪೇಟೆಗಳು ಹಿಂದೆ ಬಿದ್ದವು. ಆಸ್ಪತ್ರೆ, ಕಾಲೇಜು, ಕೈಯಿಂದಲೇ ಮಾಡಬೇಕಾದ ಕೆಲಸಗಳು ಸೇರಿಕೊಂಡಿದ್ದ ಕಡೆ ಪೆಟ್ಟು ಕಡಿಮೆ ಬಿತ್ತು.

ಇನ್ನು ಕೂಪನ್. ಬ್ರಿಟನ್ ಸರ್ಕಾರ 2020ರ ಆಗಸ್ಟ್‌ನಲ್ಲಿ ಸೋಮವಾರದಿಂದ ಬುಧವಾರದವರೆಗೆ ಹೋಟೆಲಿನಲ್ಲಿ ಕೂತು ಉಂಡವರಿಗೆ ಅರ್ಧ ಬಿಲ್ ಕಟ್ಟಿತು, ತಲೆಗೆ 10 ಪೌಂಡ್ ಮಿತಿ. ಸುಮಾರು 16 ಕೋಟಿ ಊಟ, 84.9 ಕೋಟಿ ಪೌಂಡ್ ಖರ್ಚು. ಆ ತಿಂಗಳು ಮೇಜುಗಳು ತುಂಬಿದ್ದು ನಿಜ, ತಿಂಗಳು ಮುಗಿದದ್ದೇ ಆ ಜಂಗುಳಿಯೂ ಕರಗಿತು. ಸೋಂಕು ಇನ್ನೂ ಹರಡುತ್ತಿದ್ದ ಹೊತ್ತಲ್ಲಿ ಜನರನ್ನು ಒಳಾಂಗಣಕ್ಕೆ ತುಂಬಿಸಿದ್ದರಿಂದ ಹೊಸ ಪ್ರಕರಣಗಳಿಗೂ ಅದು ಕಾರಣವಾಯಿತು ಎಂದು ವಾರ್ವಿಕ್ ವಿಶ್ವವಿದ್ಯಾಲಯದ ಅಧ್ಯಯನ ಹೇಳಿತು. ಮೆಲ್ಬರ್ನ್ ಪಾಲಿಕೆ 2022ರಲ್ಲಿ ಮಾಡಿದ್ದು ನನಗೆ ಹೆಚ್ಚು ಹಿಡಿಸಿತು: ರಿಯಾಯಿತಿ ಅಲ್ಲಿನ ನಗರ ಪಾಲಿಕೆ ವ್ಯಾಪ್ತಿಗೆ ಮಾತ್ರ, ಸೋಮವಾರದಿಂದ ಗುರುವಾರದವರೆಗೆ ಮಾತ್ರ. ಹೇಗೂ ತುಂಬುತ್ತಿದ್ದ ಶನಿವಾರಕ್ಕೆ ಹಣ ಹಾಕಲಿಲ್ಲ. ಕೂಪನ್ ಕೊಡಲೇಬೇಕಿದ್ದರೆ ಹೀಗೆ ಕೊಡಿ. ಮುಳುಗುತ್ತಿರುವ ಅಂಗಡಿಗೆ ಎರಡು ತಿಂಗಳು ಉಸಿರಾಡಲು ಅದು ಸಾಕು, ಬೀದಿಯನ್ನು ಮೇಲೆತ್ತಲು ಸಾಲದು. ಮೇಳಗಳದ್ದೂ ಅದೇ ಕಥೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ನಿಜವಾದ ಗಂಟು ಇರುವುದು ಶಟರ್ ಎಳೆದ ಮಳಿಗೆಗಳಲ್ಲಿ. ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದೂ ಇದಕ್ಕೇ. ಒಂದು ಸಾಲಿನಲ್ಲಿ ನಾಲ್ಕು ಅಂಗಡಿ ಮುಚ್ಚಿದರೆ ನಡೆದು ಬರುವವರು ಅಲ್ಲಿಂದಲೇ ಹಿಂತಿರುಗುತ್ತಾರೆ. ಆಚೆಯ ಐದನೇ ಅಂಗಡಿಯ ತಪ್ಪೇನೂ ಇಲ್ಲದಿದ್ದರೂ ಅದಕ್ಕೆ ಗಿರಾಕಿ ಇಲ್ಲ. ಹಾಗಾದರೆ ಮಾಲೀಕರು ಬಾಡಿಗೆ ಇಳಿಸಿ ಯಾಕೆ ಕೊಡುವುದಿಲ್ಲ? ದುರಾಸೆ ಎಂದು ನಾನೂ ಅಂದುಕೊಂಡಿದ್ದೆ. ಎಷ್ಟೋ ಸಲ ಕಾರಣ ಬೇರೆಯೇ ಇರುತ್ತದೆ. ವಾಣಿಜ್ಯ ಕಟ್ಟಡದ ಬೆಲೆ ಕಟ್ಟುವುದು ಅದರ ಬಾಡಿಗೆಯ ಮೇಲೆ. ಆ ಬೆಲೆಯ ಮೇಲೆ ಬ್ಯಾಂಕಿನ ಸಾಲ ನಿಂತಿರುತ್ತದೆ. ಕಡಿಮೆ ಬಾಡಿಗೆಗೆ ಐದು ವರ್ಷದ ಕರಾರು ಮಾಡಿಕೊಂಡರೆ ಕಟ್ಟಡದ ಬೆಲೆ ಕಾಗದದ ಮೇಲೆ ಬೀಳುತ್ತದೆ, ಬ್ಯಾಂಕು ತಕರಾರು ತೆಗೆಯುತ್ತದೆ. ಖಾಲಿ ಬಿಟ್ಟರೆ ಹಳೆಯ ಬೆಲೆ ಕಾಗದದಲ್ಲಿ ಹಾಗೇ ಉಳಿಯುತ್ತದೆ. ಮಾಲೀಕನ ಲೆಕ್ಕ ಅವನ ಮಟ್ಟಿಗೆ ಸರಿ, ಅದರ ನಷ್ಟ ಉಣ್ಣುವುದು ಇಡೀ ಬೀದಿ.

ಇದನ್ನು ಬಿಡಿಸಲು ಎರಡು ದಾರಿ ಕಂಡಿದ್ದೇನೆ. ಒಂದು ಮೆದು: ಸ್ಯಾನ್ ಫ್ರಾನ್ಸಿಸ್ಕೊ 2023ರಲ್ಲಿ ಖಾಲಿ ಮಳಿಗೆಗಳನ್ನು ಸಣ್ಣ ವ್ಯಾಪಾರಿಗಳಿಗೆ, ಕಲಾವಿದರಿಗೆ ಮೂರು ತಿಂಗಳು ಬಾಡಿಗೆಯಿಲ್ಲದೆ ಕೊಡಿಸಿತು. ಅಲ್ಪಾವಧಿಯ ಒಪ್ಪಂದ ಆದ್ದರಿಂದ ಕಟ್ಟಡದ ಬೆಲೆಗೆ ಅಷ್ಟಾಗಿ ಧಕ್ಕೆಯಿಲ್ಲ. ವ್ಯಾಪಾರ ಕುದುರಿದವರು ನಿಜವಾದ ಕರಾರು ಮಾಡಿಕೊಂಡು ಅಲ್ಲೇ ಉಳಿಯಬಹುದು. ಇನ್ನೊಂದು ಗಟ್ಟಿ: ಇಂಗ್ಲೆಂಡಿನ 2023ರ ಕಾಯ್ದೆಯೊಂದು, ಎರಡು ವರ್ಷದಲ್ಲಿ 365 ದಿನಕ್ಕಿಂತ ಹೆಚ್ಚು ಖಾಲಿ ಬಿದ್ದ ಮಳಿಗೆಯ ಬಾಡಿಗೆ ಹಕ್ಕನ್ನು ಸ್ಥಳೀಯ ಆಡಳಿತವೇ ಹರಾಜು ಹಾಕಬಹುದು ಎನ್ನುತ್ತದೆ. 2024ರ ಡಿಸೆಂಬರ್‌ನಿಂದ ಅದು ಜಾರಿಯಲ್ಲಿದೆ. ನನ್ನ ಅನಿಸಿಕೆಯಲ್ಲಿ ಎರಡೂ ಒಟ್ಟಿಗೆ ಇರಬೇಕು. ಹರಾಜಿನ ಭಯವಿದ್ದರೆ ಮೆದು ಮಾತಿಗೆ ಮಾಲೀಕರು ಬೇಗ ಒಪ್ಪುತ್ತಾರೆ.

ಬೀದಿಯ ವಿಷಯದಲ್ಲಿ ಪಾಲಿಕೆ ಕೊಡಬಹುದಾದ ದೊಡ್ಡ ನೆರವು ಹಣವಲ್ಲ, ಬೇಗ ಸಿಗುವ ಪರವಾನಗಿ. ಲಿಥುವೇನಿಯಾದ ವಿಲ್ನಿಯಸ್ 2020ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಚೌಕಗಳಲ್ಲಿ ಮೇಜು ಹಾಕಿಕೊಳ್ಳಲು ಹೋಟೆಲುಗಳಿಗೆ ಬಿಟ್ಟುಕೊಟ್ಟಿತು. ನ್ಯೂಯಾರ್ಕ್ ಜೂನ್‌ನಲ್ಲಿ ಫುಟ್‌ಪಾತ್ ಮತ್ತು ಪಾರ್ಕಿಂಗ್ ಜಾಗವನ್ನು ತೆರೆಯಿತು, 12,000ಕ್ಕೂ ಹೆಚ್ಚು ಹೋಟೆಲುಗಳು ಸೇರಿಕೊಂಡವು. ಮುಂದೆ 2023ರಲ್ಲಿ ಅದನ್ನು ಶಾಶ್ವತ ಮಾಡುವಾಗ ಶುಲ್ಕ, ಅರ್ಜಿ, ವಿನ್ಯಾಸದ ನಿಯಮಗಳು ಬಂದವು, ರಸ್ತೆ ಮೇಲಿನ ಮೇಜುಗಳು ಏಪ್ರಿಲ್‌ನಿಂದ ನವೆಂಬರ್‌ವರೆಗೆ ಮಾತ್ರ ಎಂದಾಯಿತು, ಸೇರುವವರ ಸಂಖ್ಯೆ ಬಹಳ ಇಳಿಯಿತು. ನಿಯಮ ಬೇಕು, ಗಾಲಿಕುರ್ಚಿಯಲ್ಲಿ ಬರುವವರಿಗೆ ಫುಟ್‌ಪಾತ್ ಉಳಿಯಬೇಕು. ಆದರೆ ಸಣ್ಣ ಹೋಟೆಲಿನವರು ಅಂಗಡಿ ಬಿಟ್ಟು ಕಚೇರಿ ಸುತ್ತುವಂತಾದರೆ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಇದರ ಜೊತೆಗೆ ಯಾರೂ ಭಾಷಣದಲ್ಲಿ ಹೇಳದ ಒಂದು ಸಂಗತಿ: ಶುಚಿಯಾದ ಸಾರ್ವಜನಿಕ ಶೌಚಾಲಯ, ನೆರಳಲ್ಲೊಂದು ಬೆಂಚು. ಇವಿಲ್ಲದ ಪೇಟೆಗೆ ವಯಸ್ಸಾದವರು, ಚಿಕ್ಕ ಮಕ್ಕಳನ್ನು ಕರೆದುಕೊಂಡ ತಾಯಂದಿರು ಬಂದರೂ ಒಂದು ಗಂಟೆಯಲ್ಲಿ ಮನೆ ಕಡೆ ಹೊರಡುತ್ತಾರೆ. ಮಧ್ಯಾಹ್ನ ಬಿಡುವಿರುವವರು ಇವರೇ, ನಮಗೆ ಬೇಕಾದ ಖಾಲಿ ಗಂಟೆಗಳೂ ಅವೇ. ಬಸ್ಸು, ಮೆಟ್ರೊ ಕೂಡ ಹಾಗೇ: ಬೆಳಿಗ್ಗೆ ಒಳಕ್ಕೆ, ಸಂಜೆ ಹೊರಕ್ಕೆ ಎಂಬ ಹಳೆಯ ವೇಳಾಪಟ್ಟಿಯನ್ನೇ ಇಟ್ಟುಕೊಂಡರೆ ಮಧ್ಯಾಹ್ನ ಮತ್ತು ರಾತ್ರಿ ಬರುವವರು ಬರುವುದಾದರೂ ಹೇಗೆ?

ದೂರದ ಪರಿಹಾರ, ಪೇಟೆಯಲ್ಲೇ ಜನ ವಾಸ ಮಾಡುವುದು. ಕೆನಡಾದ ಕ್ಯಾಲ್ಗರಿ 2021ರಲ್ಲಿ, ಖಾಲಿ ಆಫೀಸನ್ನು ಮನೆ ಮಾಡುವವರಿಗೆ ಚದರಡಿಗೆ 75 ಕೆನಡಾ ಡಾಲರ್ ಸಹಾಯಧನ ಘೋಷಿಸಿತು. 2031ರೊಳಗೆ 60 ಲಕ್ಷ ಚದರಡಿ ಆಫೀಸು ಕಡಿಮೆ ಮಾಡುವ ಗುರಿ ಅವರದು. ಕೇಳಲು ಸುಲಭ. ನಾವೂ ಒಮ್ಮೆ ಖಾಲಿ ಬಿದ್ದ ಆಫೀಸ್ ಮಹಡಿಯೊಂದನ್ನು ನೋಡಲು ಎಂಜಿನಿಯರ್ ಒಬ್ಬರ ಜೊತೆ ಹೋಗಿದ್ದೆವು. ಕಿಟಕಿಯ ಪಕ್ಕ ಚೆನ್ನಾಗಿ ಬೆಳಕಿತ್ತು. ಇಪ್ಪತ್ತು ಹೆಜ್ಜೆ ಒಳಗೆ ಹೋದರೆ ಹಗಲಲ್ಲೇ ಟಾರ್ಚ್ ಬೇಕು. ನೀರಿನ ಪೈಪು, ಶೌಚಾಲಯ ಎಲ್ಲ ಲಿಫ್ಟಿನ ಪಕ್ಕ ಒಂದೇ ಕಡೆ. ಪ್ರತಿ ಮನೆಗೂ ಅಡುಗೆಮನೆ, ಬಚ್ಚಲು ಬೇಕೆಂದರೆ ಮಹಡಿ ಪೂರ್ತಿ ಅಗೆಯಬೇಕು. ಎಂಜಿನಿಯರ್ ಟೇಪು ಸುತ್ತಿ ಕಿಸೆಗೆ ಹಾಕಿಕೊಂಡು, "ಇದು ಬೇಡ, ಹಿಂದಿನ ಬೀದಿಯ ಹಳೇ ಕಟ್ಟಡ ತೋರಿಸಿ, ಅದು ಕಿರಿದಾಗಿದೆ" ಅಂದರು. ಅವರು ಹೇಳಿದ್ದು ಸರಿ. ಹೊಸ ಗಾಜಿನ ಕಟ್ಟಡಗಳಿಗಿಂತ, ಹವಾನಿಯಂತ್ರಣ ಬರುವ ಮುಂಚೆ ಗಾಳಿ ಬೆಳಕಿಗೆಂದು ಕಿರಿದಾಗಿ ಕಟ್ಟಿದ ಹಳೆಯವೇ ಮನೆಯಾಗಲು ಲಾಯಕ್ಕು. ನ್ಯೂಯಾರ್ಕಿನ ಕೆಳ ಮ್ಯಾನ್‌ಹಟನ್‌ನಲ್ಲಿ 1995ರಿಂದ ತೆರಿಗೆ ರಿಯಾಯಿತಿ ಕೊಟ್ಟು ಹೀಗೆ ಬದಲಾಯಿಸಲು ಶುರು ಮಾಡಿದರು. ಸಂಜೆ ಐದಕ್ಕೆ ಖಾಲಿಯಾಗುತ್ತಿದ್ದ ಜಾಗದಲ್ಲಿ ಸಂಸಾರಗಳು ನೆಲೆಯೂರಿದವು, ಆದರೆ ಅದಕ್ಕೆ ಹತ್ತಾರು ವರ್ಷ ಹಿಡಿಯಿತು.

ಎಲ್ಲಿಂದ ಶುರು ಎಂದು ಕೇಳಿದಿರಿ. ಮುಂದಿನ ಸಭೆಗೆ ಮುಂಚೆ ಎರಡು ವಾರ ಎಣಿಸಿ, ಗಂಟೆವಾರು, ದಿನವಾರು. ಜೊತೆಗೆ ಮುಚ್ಚಿದ ಮಳಿಗೆಗಳನ್ನು ಬೀದಿ ನಕ್ಷೆಯಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿ. ಮೂರು ನಾಲ್ಕು ಕೆಂಪು ಗುರುತು ಒತ್ತಟ್ಟಿಗೆ ಬಿದ್ದ ಜಾಗದ ಮಾಲೀಕರ ಹತ್ತಿರ ಮೊದಲು ಹೋಗಿ. ಹೋಗುವಾಗ ಪಾಲಿಕೆಯ ಒಬ್ಬ ಅಧಿಕಾರಿ, ಬಾಡಿಗೆಗೆ ಜಾಗ ಹುಡುಕುತ್ತಿರುವ ಒಬ್ಬ ಸಣ್ಣ ವ್ಯಾಪಾರಿ, ಇಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಾವು ಬರೀ ಮನವಿ ಪತ್ರ ಹಿಡಿದು ಹೋದಾಗ ಮಾಲೀಕರು "ನೋಡೋಣ" ಅಂದು ಕಳುಹಿಸಿದ್ದರು, ವ್ಯಾಪಾರಿಯನ್ನು ಎದುರಿಗೆ ಕೂರಿಸಿದ ದಿನ ಬೀಗದ ಕೈ ತರಿಸಿದರು.